ಚಿತ್ರದಲ್ಲಿ ಎಡಗೈ, ಅರ್ಜಿಯಲ್ಲಿ ಬಲಗೈ

ಮಾನ್ಯ ಅಪಘಾತ ವಿಚಾರಣಾಧಿಕಾರಿಗಳೇ,

ನನ್ನ ಅಣ್ಣನಿಗೆ ಮಣಿಕಟ್ಟಿನಿಂದಾಚೆ ಬಲಗೈ ಇಲ್ಲ. ಹೋದದ್ದು ಯಾವ ಕೈ ಎಂಬುದೇ ಅನುಮಾನಾಸ್ಪದ ಎಂದು ಬರೆದು ತಾವು ವಿಚಾರಣೆ ಮುಗಿಸಿದ್ದೀರಿ. ಆಧಾರ, ನಮ್ಮ ಕಾರ್ಮಿಕ ಸಂಘದ ಪತ್ರಿಕೆಯ ಮುಖಪುಟದ ಚಿತ್ರ. ಅದರಲ್ಲಿ ಅಣ್ಣನಿಗೆ ಎಡಗೈ ಇಲ್ಲ. ಕಂಪನಿಯ ವಕೀಲರು ಅದನ್ನು ತಂದಿಟ್ಟರು, ತಾವು ನಂಬಿದಿರಿ.

ಆ ಚಿತ್ರ ಮಾಡಿದವನು ನಾನು. ಇಪ್ಪತ್ತೆರಡು ವರ್ಷದಿಂದ ರಬ್ಬರ್ ಹಾಳೆಯಲ್ಲಿ ಚಿತ್ರ ಕೊರೆದು, ಮಸಿ ಬಳಿದು, ಕಾಗದಕ್ಕೆ ಒತ್ತುತ್ತಿದ್ದೇನೆ. ಒತ್ತಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಆದ್ದರಿಂದ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯಬೇಕು. ಆಸ್ಪತ್ರೆಯಿಂದ ಬಂದ ಅಣ್ಣ ಅಡುಗೆಮನೆಯ ಸ್ಟೂಲಿನ ಮೇಲೆ ಎದುರಿಗೆ ಕೂತಿದ್ದ. "ಬೇಗ ಮುಗಿಸೋ, ಕೈ ಜೋಮು ಹಿಡೀತಿದೆ" ಅಂದ. ಯಾವ ಕೈ ಎಂದು ನಾನು ಕೇಳಲಿಲ್ಲ. ಅವನನ್ನು ಕಂಡ ಹಾಗೇ ಕೊರೆದೆ. ಅಡಿಬರಹದ ಅಕ್ಷರಗಳನ್ನು ಮಾತ್ರ ಅಭ್ಯಾಸಬಲದಿಂದ ತಿರುಗಿಸಿದ್ದೆ: "ತಗಡು ಬಾಗಿತು, ಕೈ ಹೋಯಿತು, ಕೆಲಸ ಸಾಗಿತು." ಪ್ರಾಸ ಸರಿಯಿತ್ತು. ಅಷ್ಟನ್ನೇ ನೋಡಿ ಸಮಾಧಾನಪಟ್ಟೆ.

ತಪ್ಪು ನನ್ನದು. ಆದರೆ ಅದೇ ಚಿತ್ರದಲ್ಲಿ ಮಾಲೀಕರು ಕೋಟು ತೊಟ್ಟ ಜಿಗಣೆಯಾಗಿದ್ದಾರೆ. ಅದನ್ನೇಕೆ ದಾಖಲೆಗೆ ತೆಗೆದುಕೊಳ್ಳಲಿಲ್ಲ? ಸರ್ಕಾರದ ಕಚೇರಿಯೊಂದು ನಮ್ಮ ಪತ್ರಿಕೆಯನ್ನು ಇಷ್ಟು ಶ್ರದ್ಧೆಯಿಂದ ನಂಬಿದ್ದು ಇದೇ ಮೊದಲು. ಹೆಮ್ಮೆಪಡಲು ನೋಡಿದೆ, ಏನೂ ಅನ್ನಿಸಲಿಲ್ಲ.

ವಿಚಾರಣೆಯ ದಿನ ಅಣ್ಣ ತಾವು ಕೂತ ಮೇಜಿನಿಂದ ಮೂರಡಿ ದೂರದಲ್ಲಿ ನಿಂತಿದ್ದ.

"ಸಾರ್, ಇಲ್ಲೇ ಇದೀನಲ್ಲ, ನೋಡಿ" ಅಂದ.

"ಫೈಲಲ್ಲಿ ಇರೋದನ್ನ ನೋಡ್ತಿದೀನಪ್ಪ" ಅಂದಿರಿ, ತಲೆ ಎತ್ತದೆ.

ಮೆಟ್ಟಿಲಿಳಿಯುವಾಗ ಅವನು ನನಗೆ, "ಎಡಗೈನೂ ಕೊಟ್ಟುಬಿಡ್ಲೇನೋ? ನಿನ್ನ ಚಿತ್ರಾನೂ ಸರಿಹೋಗುತ್ತೆ, ಅವರ ಫೈಲೂ ಸರಿಹೋಗುತ್ತೆ" ಅಂದ. ಬಸ್ಸು ಬಂತು, ಹತ್ತಿದೆವು.

ಈಗ ಈ ಪತ್ರ ಏಕೆಂದರೆ, ಅಣ್ಣನ ಕೈ ತೆಗೆದ, ತಗಡು ಬಾಗಿಸುವ ಪ್ರೆಸ್ಸಿನಲ್ಲಿ ಕೈ ಒಳಹೋಗದಂತೆ ಇದ್ದ ಕೈತಡೆಯನ್ನು ಕೆಲಸ ಬೇಗ ಸಾಗಲೆಂದು ಕಿತ್ತುಹಾಕಿದ್ದರು. ವಿಚಾರಣೆಯೇ ಮುಗಿದ ಮೇಲೆ ಅದನ್ನು ಮರಳಿ ಹಾಕುವ ಅಗತ್ಯ ಯಾರಿಗೂ ಕಂಡಿಲ್ಲ. ಮನೆ ನಡೆಯಲಿ ಎಂಬ ಕರುಣೆಯಿಂದ ಕಂಪನಿಯವರು ಅಣ್ಣನ ಜಾಗವನ್ನು ಅತ್ತಿಗೆಗೆ ಕೊಟ್ಟಿದ್ದಾರೆ. ಸೋಮವಾರ ಬೆಳಗಿನ ಪಾಳಿಯಿಂದ ಅವರು ಅದೇ ಪ್ರೆಸ್ಸಿನ ಮುಂದೆ. ಬೇಡವೆಂದೆ. "ನೀನು ಸಾಕ್ತೀಯೇನಪ್ಪ ಮೈದುನ?" ಅಂದರು. ಸಂಘದ ಪತ್ರಿಕೆಗೆ ಚಿತ್ರ ಕೊರೆದು ಬರುವ ಹಣದಲ್ಲಿ ಅದಾಗದು; ಈ ಪತ್ರ ಬರೆಯಲು ಕೂತೆ.

ಸೋಮವಾರದೊಳಗೆ ಆ ಪ್ರೆಸ್ಸನ್ನು ನಿಲ್ಲಿಸಿ, ಕೈತಡೆ ಹಾಕಿಸಿ. ಅಣ್ಣನ ವಿಚಾರಣೆಯನ್ನು ಮತ್ತೆ ತೆರೆಯುವುದು, ಬಿಡುವುದು ಆಮೇಲಿನ ಮಾತು. ಇಂದು ಶುಕ್ರವಾರ. ಅತ್ತಿಗೆಗೆ ಎಡಗೈ, ಬಲಗೈ ಎರಡೂ ಇವೆ. ಈ ಬಾರಿ ಚಿತ್ರ ಮಾಡಿಲ್ಲ, ಬರಹದಲ್ಲೇ ಹೇಳಿದ್ದೇನೆ; ಫೈಲಿಗೆ ಸೇರಿಸಿಕೊಳ್ಳಿ.

ಇಂತಿ,
ತಪ್ಪಿದವನು, ತಪ್ಪೊಪ್ಪಿದವನು,
ಸಂಘದ ಪತ್ರಿಕೆಯ ಚಿತ್ರಗಾರ