ಮತ್ತು ಸಂಗಡಿಗರು

ಜುಲೈ ೯, ಬುಧವಾರ. ವಸಂತಪುರ.

ಅಜ್ಜಿಯ ಸೋಬಾನೆ ಪದ ಯೂಟ್ಯೂಬಿನಿಂದ ಹೋಗಿಬಿಡುತ್ತದೆಂದು ಎರಡು ದಿನದಿಂದ ಹೆದರಿದ್ದೆ. ಹಳೆಯ ಕ್ಯಾಸೆಟ್ಟಿನಿಂದ ಅದನ್ನು ಹಾಕಿದವಳು ನಾನೇ. ರೆಕಾರ್ಡಿಂಗಿನ ಹಕ್ಕು ತಮ್ಮದೆಂದು ಆಡಿಯೋ ಕಂಪನಿಯವರು ನೋಟಿಸು ಕಳಿಸಿದ್ದರು. ಹಕ್ಕು ಅವರದೇ, ನಿಜ. ಆದರೆ ಕ್ಯಾಸೆಟ್ಟಿನ ಮೇಲೆ ಹಿಂದಿನಿಂದ ದನಿಗೂಡಿಸಿದ ಅಜ್ಜಿಯ ಹೆಸರೇ ಇಲ್ಲ. ಮುಖ್ಯ ಗಾಯಕಿಯ ಹೆಸರಿನ ಮುಂದೆ ‘ಮತ್ತು ಸಂಗಡಿಗರು’ ಎಂದಷ್ಟೇ ಇದೆ.

ಫೋನು ಮಾಡುವುದೆಂದರೆ ನಾನು ನಾಳೆಗೆ ಮುಂದೂಡುವವಳು. ಇವತ್ತು ಅಜ್ಜಿ ಪಕ್ಕದಲ್ಲೇ ಕುಳಿತು, ಸ್ಪೀಕರ್ ಹಾಕಿಸಿ ಮಾಡಿಸಿದಳು.

ಕಂಪನಿಯ ವೇಣು ಎಂಬುವವರು ಎತ್ತಿಕೊಂಡರು. “ಹಾಡು ತೆಗಿಯಲ್ಲ ಮೇಡಂ, ಅಲ್ಲೇ ಇರ್ಲಿ. ಹಕ್ಕು ನಮ್ದು ಅಂತ ಕೆಳಗೆ ಬರತ್ತೆ, ಅಷ್ಟೆ. ಅಜ್ಜಿ ಹೆಸ್ರೂ ಸೇರಿಸ್ತೀವಿ, ಹೇಳಿ.”

“ಅಂಕಮ್ಮ” ಎನ್ನುವಷ್ಟರಲ್ಲಿ ಅಜ್ಜಿ ಫೋನು ಕಿತ್ತುಕೊಂಡಳು. “ನಂದೊಂದೇ ಹಾಕಿದ್ರೆ ಜೊತೇಲಿ ಹಾಡಿದ ಗೌರಮ್ಮ ಸುಮ್ನೆ ಬಿಡ್ತಾಳಾ? ಒಂದೊಂದು ಸಾಲು ಮುಗಿದಾಗ್ಲೂ ನನ್ ಜೊತೆ ಸೊಲ್ಲು ಹೇಳಿದೋರು ಇನ್ನೂ ನಾಕು ಜನ ಕಣಪ್ಪಾ, ಬರ್ಕೋ!”

ಮೂರು ಹೆಸರು ಹೇಳಿದಳು. ನಾಲ್ಕನೆಯದು ನೆನಪಾಗಲಿಲ್ಲ. “ತಾಳು, ಹಾಡಿದ್ರೆ ಬರ್ತಾಳೆ” ಎಂದು ಫೋನಿನಲ್ಲೇ ಪದ ಎತ್ತಿದಳು. ಒಂದು ಸಾಲು ಹಾಡಿ ನನ್ನನ್ನು ತಿವಿದಳು. “ಸೊಲ್ಲು ತಗೊಳ್ಳೇ, ಏನು ನಾಚ್ಕೆ!”

ಯಾರ ಮುಂದೆಯೂ ಹಾಡದ ನಾನು ಹಾಡಿಬಿಟ್ಟೆ. ಎರಡನೇ ಸಾಲಿಗೆ ಅಜ್ಜಿ ಚಪ್ಪಾಳೆ ತಟ್ಟಿದಳು.

“ಸುಧಾಮಣಿ! ಅವ್ಳೂ ಹಿಂಗೇ, ಹೆದ್ರಿ ಹೆದ್ರಿ ಒಂದು ಉಸಿರು ತಡವಾಗಿ ಬರ್ತಿದ್ಲು!”

ವೇಣು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಈಗ ಪಕ್ಕದ ಕೋಣೆಯಲ್ಲಿ ಅಜ್ಜಿ ಮತ್ತೆ ಪದ ಎತ್ತಿದ್ದಾಳೆ. ಸಾಲು ಮುಗಿಸಿ ಕಾಯುತ್ತಿದ್ದಾಳೆ. ಬರೆಯುವುದು ಸಾಕು, ಒಂದು ಉಸಿರು ಆಗಲೇ ತಡವಾಯಿತು