ಪಟ್ಟಿಯಲ್ಲಿ ಅಂಗಡಿಯ ಹೆಸರು

ಮಾರ್ಚ್ ೧೧, ಬುಧವಾರ

ಒಂದು ದಿನ ಹಾಡಿಲ್ಲದೆ ಹೊಲಿದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಹಾಡುಗಳನ್ನೆಲ್ಲ ಕೊಂಡವಳು ನಾನೇ. ಆದರೆ ಆ ಹಾಡುಗಳ ಖಾತೆ ನನ್ನದೂ ಗಂಡನದೂ ಒಂದೇ. ಅವನ ಮನೆ ಬಿಟ್ಟು ಓಡಿಬಂದು ಏಳು ತಿಂಗಳಾಯಿತು, ಖಾತೆ ಹಾಗೇ ಇದೆ. ಬೆಳಿಗ್ಗೆ ಹೊಲಿಗೆ ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ತೆರೆದೆ. ಹಾಡು ನುಡಿಸಲು ಈ ಕಂಪ್ಯೂಟರಿಗೆ ಅನುಮತಿ ಕೊಡಲೇ ಎಂದು ಕೇಳಿತು. ಕೊಟ್ಟೆ.

ಮಧ್ಯಾಹ್ನ ಅನುಮತಿ ಪಡೆದವುಗಳ ಪಟ್ಟಿ ಕಣ್ಣಿಗೆ ಬಿತ್ತು. ಮೊದಲನೆಯದು ಅವನ ಕಂಪ್ಯೂಟರ್. ಎರಡನೆಯದು ನಮ್ಮದು, ಅಂಗಡಿಯ ಹೆಸರು, ಬೀದಿಯ ಹೆಸರು ಸಮೇತ. ಅಂಗಡಿಯ ಅಕ್ಕ ಅದಕ್ಕೆ ಇಟ್ಟಿರುವ ಹೆಸರೇ ಹಾಗೆ. ಅವನು ಖಾತೆ ತೆರೆದರೆ ಅವನಿಗೂ ಕಾಣುವುದು ಇದೇ ಪಟ್ಟಿ. ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೇ ತೆಗೆದುಹಾಕಿದೆ.

ಆಮೇಲೆ ಪರದೆಯ ಮೇಲೆ ಬಂತು: ‘ಎಲ್ಲ ಕಂಪ್ಯೂಟರುಗಳ ಅನುಮತಿ ರದ್ದಾಗಿದೆ. ಅವುಗಳ ಹೆಸರನ್ನು ನಿಮ್ಮ ಇಮೇಲಿಗೆ ಕಳಿಸಿದ್ದೇವೆ.’

ಆ ಇಮೇಲ್ ಅವನದು.

ಹಾಡಿಲ್ಲದೆ ಅವನಿಗೆ ಊಟ ಸೇರುವುದಿಲ್ಲ. ಇಷ್ಟೊತ್ತಿಗೆ ಯಾಕೆ ನಿಂತಿತೆಂದು ಹುಡುಕಿರುತ್ತಾನೆ. ಓದಿರುತ್ತಾನೆ. ಕೆಳಗೆ ಗಾಡಿ ನಿಂತ ಸದ್ದಾದರೂ ಪೆನ್ನು ನಿಲ್ಲುತ್ತಿದೆ.

ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಹೊರಡುವಾಗ ಅವರು ಬೀಗದ ಕೈ ನನ್ನ ಕೈಗಿಟ್ಟು, “ನಾಳೆ ನಾನು ಬರೋದು ಮಧ್ಯಾಹ್ನ ಆಗತ್ತೆ ಕಣೇ. ಬಾಗಿಲು ನೀನೇ ತೆಗಿ. ಹೇಗೂ ಜೊತೆಗೆ ಹಾಡು ಇದೆಯಲ್ಲ,” ಅಂದರು.

ಹೂಂ ಅಂದುಬಿಟ್ಟೆ.