ಇವತ್ತಿನ ಮುದ್ದೆ ಅತ್ತೆ ಕಟ್ಟಲಿ

ರೀ,

ಕೊಂಡ್ಲಹಳ್ಳಿಗೆ ತಂಗಿ ಸೀಮಂತಕ್ಕೆ ಹೊರಟೀನಿ. ನೀವು ಹೊಲದಿಂದ ಬರೋಷ್ಟರಲ್ಲಿ ಬಸ್ಸು ಹೋಗಿರ್ತೈತೆ, ಅದಕ್ಕೇ ಈ ಚೀಟಿ. ಸಂಜೆ ಬರ್ತೀನಿ.

ಅತ್ತೆಗೆ ನೀವು ಉಣಿಸಬೇಡಿ. ಲಕ್ವ ಹೊಡೆದ ಬಲಗೈಗೆ ಕೆಲಸ ಕೊಡದಿದ್ರೆ ಅದು ಕೆಲಸಾನೇ ಮರೀತೈತೆ ಅಂತ ದಾವಣಗೆರೆ ಡಾಕ್ಟ್ರಮ್ಮ ನಿಮ್ಮೆದುರಿಗೇ ಹೇಳಿದ್ರು. ಅಲ್ಲಿ ತಲೆ ಆಡಿಸಿದ್ರಿ, ಮನೆಗೆ ಬಂದು ಪಾಪ ಅಂತ ತುತ್ತು ಹಿಡೀತೀರಿ. ನೀವು ತುತ್ತು ಹಿಡಿದ್ರೆ ಅವರು ಬಾಯಿ ತೆರೀತಾರೆ, ಕೈ ಎತ್ತಲ್ಲ.

ಸ್ವೆಟರ್ ತೋಳಿಗೆ ಬಲಗೈ ಮೊದಲು ಹಾಕಿಸಿ. ಎಡಗೈ ಅವರೇ ಹಾಕ್ಕೋತಾರೆ. ಎಷ್ಟೊತ್ತಾದ್ರೂ ಕೈಕಟ್ಟಿ ಕೂತಿರಿ, ನಿಮಗೆ ಅದೇ ಕಷ್ಟ ಅಂತ ಗೊತ್ತು. ತಟ್ಟೆ ಜಾರದಂಗೆ ಕೆಳಗೆ ಒದ್ದೆ ಬಟ್ಟೆ ಹಾಸಿ.

ರಾಗಿ ಹಿಟ್ಟು ಈಗಷ್ಟೇ ಬೇಯಿಸಿ, ಕೋಲಲ್ಲಿ ತೊಳಸಿ ಮುಚ್ಚಿಟ್ಟೀನಿ. ಮುದ್ದೆ ಕಟ್ಟೋದು ಮರೆತೋದ್ಲು ಅನ್ಕೋಬೇಡಿ, ಬೇಕಂತಲೇ ಬಿಟ್ಟೀನಿ. ಆ ಕೈಗೆ ಸುಡೋದು ಗೊತ್ತಾಗಲ್ಲ, ಮೊದಲು ನೀವು ಮುಟ್ಟಿ ನೋಡಿ. ಬಿಸಿ ಆರಿ ಬೆಚ್ಚಗಾದ ಮೇಲೆ ಅವರ ಮುಂದಿಡಿ. ಕೈ ಅದ್ದೋಕೆ ಪಕ್ಕದಲ್ಲಿ ಒಂದು ಬಟ್ಟಲು ನೀರಿರಲಿ. ಎರಡೂ ಕೈಲಿ ಅವರೇ ಕಟ್ಟಲಿ.

ನಿನ್ನೆ ನೀವು ಆಚೆ ಹೋದಾಗ, "ಈ ಕೈಲಿ ನನ್ನ ಮಗಂಗೆ ಇನ್ನೊಂದು ಸಲ ಮುದ್ದೆ ಇಕ್ತೀನೇನೇ, ಗಂಗಾ?" ಅಂತ ಕೇಳಿದ್ರು.

ಮುದ್ದೆ ಸೊಟ್ಟಗಿರ್ತೈತೆ, ಒಡೆದೂ ಇರಬಹುದು. ಅವರೆದುರಿಗೆ ಕಣ್ಣೀರು ಹಾಕಬೇಡಿ. ಉಂಡು, "ಇನ್ನೊಂದು ಇಕ್ಕವ್ವಾ" ಅನ್ನಿ.